ಎರಡನೇ ಎರಕ

ಪೊಟ್ಟಣದ ಮೇಲೆ ಅದೇ ಹೆಸರು, ಅದೇ ತೂಕ,
ನೂರ ಎಪ್ಪತ್ತೆರಡು ಗ್ರಾಮು.
ಅಚ್ಚೂ ಅದೇ ಅಂತ ಚೀಟಿ ಆಣೆ ಹಾಕಿತ್ತು.
ಕೋಡಿಬಾಗದ ಗಾಳಿಮರಗಳ ನಡುವೆ ನಿಂತು ಎಸೆದೆ.
ಮೂರನೇ ಮರ ದಾಟಿತೋ ಇಲ್ಲವೋ,
ಸಾಲ ಕೊಟ್ಟವನನ್ನು ಕಂಡು ಗಲ್ಲಿಗೆ ತಿರುಗುವವನ ಹಾಗೆ
ಎಡಕ್ಕೆ ವಾಲಿ ಮರಳಿಗೆ ಕುಕ್ಕಿತು.

ಇನಾಸ ನಕ್ಕ: "ಡಿಸ್ಕು ಬೇರೆ, ನೀನು ಅದೇ."

ಹಳೆಯದು ಹೀಗಿರಲಿಲ್ಲ.
ಕೆಂಪು. ಮೊದಲ ಎರಕದ್ದು. ಅಗ್ಗದ ಪ್ಲಾಸ್ಟಿಕ್ಕು,
ಬೆವರಿದ ಕೈಗೂ ಅಂಟಿಕೊಳ್ಳುವಂಥದು.
ಎಣ್ಣೆಯಲ್ಲಿ ಆಗಷ್ಟೇ ಉಬ್ಬತೊಡಗಿದ ಬನ್ಸಿನಂತೆ
ನೆತ್ತಿ ತುಸು ಮೇಲೆ.
ಕೈಬಿಟ್ಟರೆ ಮೊದಲು ಬಲಕ್ಕೆ ಹೊರಳಿ,
ಹಿಂದಿನಿಂದ ಯಾರೋ ಕರೆದರು ಅನ್ನುವಂತೆ ನೆಟ್ಟಗಾಗಿ
ಹೋಗಿ, ಹೋಗಿ,
ಕೊನೆಗೆ ಎಡಕ್ಕೆ ಒಂದೇ ಒಂದು ಹೆಜ್ಜೆ.
ಟ್ರಾಲರಿನ ಹಳೇ ಸರಪಳಿ, ಸೈಕಲ್ ರಿಮ್ಮು
ಸೇರಿಸಿ ಕಟ್ಟಿದ ನಮ್ಮ ಬುಟ್ಟಿ ಝಣ್ ಅನ್ನುತ್ತಿತ್ತು.

ಕಳೆದವನು ನಾನೇ.
ಮೇ ತಿಂಗಳ ಸಂಜೆ, ಕಡಲಿನ ಎದುರು ಗಾಳಿ.
ಸವೆದ ಡಿಸ್ಕು ಎದುರು ಗಾಳಿಯಲ್ಲಿ ಮಾತು ಕೇಳದು,
ಗೊತ್ತಿತ್ತು. ಹಟಕ್ಕೆ ಎಸೆದೆ.
ಬಲಕ್ಕೆ, ಇನ್ನೂ ಬಲಕ್ಕೆ,
ಕಾಳಿ ಕಡಲಿಗೆ ಸೇರುವಲ್ಲಿ
ಇಳಿತದ ನೀರು ಅದನ್ನು ಎತ್ತಿಕೊಂಡಿತು.

ಬೈತಖೋಲಿನ ಐಸ್ ಪ್ಲಾಂಟಿನಲ್ಲಿ ನನಗೆ ಹನ್ನೊಂದು ವರ್ಷ.
ಅದೇ ಡಬ್ಬಿ, ಅದೇ ಉಪ್ಪುನೀರಿನ ತೊಟ್ಟಿ, ಅದೇ ನಲ್ಲಿಯ ನೀರು.
ಅವಸರಕ್ಕೆ ಹೆಪ್ಪುಗಟ್ಟಿದ್ದು ಹಾಲಿನ ಹಾಗೆ ಬಿಳಿ,
ಬಡಿದರೆ ಪುಡಿ.
ನಿಧಾನಕ್ಕೆ ಬಿಟ್ಟಿದ್ದು ಗಾಜು:
ಆಚೆ ನಿಂತ ಹಮಾಲಿಯ ಬೆರಳು ಎಣಿಸಬಹುದು.
ಬೋಟುಗಳು ಸಾಲುಗಟ್ಟಿದ ದಿನ ಗಾಜಿಗೆ ಕಾಯುವವರಿಲ್ಲ.

ಎಲ್ಲೋ ಒಂದು ಕಾರ್ಖಾನೆಯಲ್ಲೂ ಹೀಗೇ ಆಗಿರಬೇಕು.
ಮೊದಲ ಸಲ ಅಚ್ಚು ತೆರೆಯಬೇಕಾದವನು
ಚಹಾ ಕುಡಿದು ಅರ್ಧ ನಿಮಿಷ ತಡವಾಗಿ ಬಂದ.
ಎರಡನೆಯವನು ಗಡಿಯಾರ ನೋಡಿ ತೆರೆದ.
ಅಥವಾ ಕಾಳುಗಳ ಚೀಲ ಬದಲಾಯಿತು, ಅಥವಾ ಬಣ್ಣ.
ಅಂಚು ಒಂದು ಕೂದಲೆಳೆ ಮೇಲೆ ಬಂತು, ನೆತ್ತಿ ಚಪ್ಪಟೆಯಾಯಿತು.
ಇಲ್ಲಿಯ ಕೂದಲೆಳೆ
ಎಂಬತ್ತು ಮೀಟರು ಹೋಗುವಷ್ಟರಲ್ಲಿ ಹತ್ತು ಹೆಜ್ಜೆ.

"ಒಂದೇ ಅಚ್ಚಿನಿಂದ ಏಳು ಫೈಬರ್ ದೋಣಿ ತೆಗೆದಿದ್ದೇನೆ," ಅಂದ ಇನಾಸ,
ಮೊಣಕೈಗೆ ಅಂಟಿದ ರಾಳ ಕೆರೆಯುತ್ತ,
"ಏಳಕ್ಕೂ ಏಳು ಬಗೆಯ ಓಲಾಟ. ನಿಂದೇನು ದೊಡ್ಡದು?
ಒಂದು ಮಳೆಗಾಲ ಮರಕ್ಕೆ ಬಡಿ, ಹದಕ್ಕೆ ಬರುತ್ತದೆ."
ಬಡಿದೆ. ದುಬಾರಿ ಮಾಲು ಇದು, ಜಾರುವ ಹೊಳಪು;
ಮರದ ತೊಗಟೆ ಹೋಯಿತು, ಇದಕ್ಕೊಂದು ಗೀರಿಲ್ಲ.

ಡಿಸೆಂಬರಿನಲ್ಲಿ, ಮೀನು ಪೇಟೆಯಲ್ಲಿ,
ತಾಂಡೇಲರ ಶೇವಂತಿಯ ಗಂಜಿ ಪಾತ್ರೆಯ ಮೇಲೆ
ಕೆಂಪಗೆ ಕಂಡಿತು.
ನಾರಳಿ ಹುಣ್ಣಿಮೆ ಮುಗಿದು ದೋಣಿ ಇಳಿದ ವಾರ
ಬಲೆಗೆ ಬಂತಂತೆ. "ಅಳತೆಗೆ ಹೇಳಿ ಮಾಡಿಸಿದ ಮುಚ್ಚಳ," ಅಂದಳು.
ಅಡಿಯಲ್ಲಿ ನನ್ನ ಹೆಸರಿನ ಮೊದಲಕ್ಷರ,
ಅರ್ಧ ಉಪ್ಪು ತಿಂದದ್ದು, ಅರ್ಧ ಹಬೆ ತಿಂದದ್ದು.

ಒಂದೇ ಸಲ ಎಸೆಯುತ್ತೇನೆ ಅಂದೆ.
"ಮುರಿದರೆ ಹೊಸ ಪಾತ್ರೆ ಕೊಡಿಸು," ಅಂದಳು,
ಬಂಗಡೆ ತಕ್ಕಡಿಗೆ ಹಾಕುತ್ತ, ಮುಖ ಎತ್ತದೆ.

ರಸ್ತೆ ದಾಟಿ, ಮರಳಿಗೆ ಇಳಿದು, ಎಸೆದೆ.
ನಾಲ್ಕು ತಿಂಗಳ ಗಂಜಿಯ ಹಬೆ ಅಂಚನ್ನು ಕೆಳಗೆಳೆದಿತ್ತು.
ಹಾರಲಿಲ್ಲ. ಬಲಕ್ಕೆ ಮಗುಚಿ, ಅಂಚಿನ ಮೇಲೆ ನಿಂತು,
ಒದ್ದೆ ಮರಳಲ್ಲಿ ಓಡಿತು, ಓಡಿತು,
ಹಿಂದೆ ಒಂದು ನಾಯಿ,
ನಾಯಿಯ ಹಿಂದೆ ಚಡ್ಡಿ ಹಿಡಿದುಕೊಂಡು ಒಬ್ಬ ಹುಡುಗ.
ಅಷ್ಟು ದೂರ ಅದು ಯಾವತ್ತೂ ಹೋಗಿರಲಿಲ್ಲ.

ತೊಳೆದು ಪಾತ್ರೆಯ ಮೇಲಿಟ್ಟೆ.
ಟಪ್ ಅಂತ ಕೂತಿತು.

ಈಗ ಹೊಸದನ್ನು ಎಸೆಯುವಾಗ ಬುಟ್ಟಿ ನೋಡುವುದಿಲ್ಲ.
ಬಲಕ್ಕೆ, ಕಾಳಿಯ ಬಾಯಿಗೇ ಗುರಿ ಇಡುತ್ತೇನೆ,
ಹಳೆಯದು ಹೋದ ಜಾಗಕ್ಕೇ.
ನೀರಿನ ಮೇಲೆ ಒಂದಷ್ಟು ಹೊತ್ತು ಇದ್ದು
ಎಡಕ್ಕೆ ತಿರುಗಿ ಬರುತ್ತದೆ.
ಬಹಳ ಸಲ.